ಸೆಕೆಂಡ್ ಹ್ಯಾಂಡ್ ಕ್ರೂಸರ್ ಕೊಳ್ಳುವುದು ಹೇಗೆ? ಮೀಟರ್ ಆಮೇಲೆ, ಮೊದಲು ಶೆಡ್ ನೋಡಿ

ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬರುತ್ತಿದ್ದಂತೆ ಕೊಡಗಿನಲ್ಲಿ ಕ್ರೂಸರ್, ಅಂದರೆ ತಗ್ಗು ಸೀಟಿನ ದೊಡ್ಡ ಬೈಕುಗಳ ವ್ಯಾಪಾರ ಜೋರಾಗುತ್ತದೆ. ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಎಲ್ಲಿ ವಿಚಾರಿಸಿದರೂ ರಾಯಲ್ ಎನ್‌ಫೀಲ್ಡ್‌ನ ಒಂದು ಥಂಡರ್‌ಬರ್ಡೋ ಮೀಟಿಯೋರೋ ಮಾರಾಟಕ್ಕಿರುತ್ತದೆ. ಅಪರೂಪಕ್ಕೊಂದು ಹಾರ್ಲೆಯೂ ಸಿಗುತ್ತದೆ. ಕೊಳ್ಳಲು ಬಂದವರು ಬಗ್ಗಿ ನೋಡುವುದು ಮೀಟರ್. ‘ಆರು ವರ್ಷಕ್ಕೆ ಬರೀ ಒಂಬತ್ತು ಸಾವಿರ ಕಿಲೋಮೀಟರ್ ಅಣ್ಣಾ, ಮಳೆಗಾಲದಲ್ಲಿ ಹೊರಗೇ ತೆಗೆದಿಲ್ಲ’ ಎಂದು ಮಾರುವವರು ಹೇಳುತ್ತಾರೆ. ಅಷ್ಟಕ್ಕೇ ಅಡ್ವಾನ್ಸ್ ಕೊಟ್ಟು ಬರುವವರನ್ನು ಎಷ್ಟೋ ಸಲ ನೋಡಿದ್ದೇನೆ. ಎಡವುವುದು ಅಲ್ಲೇ.

ಬಯಲುಸೀಮೆಯಲ್ಲಿ ಕಮ್ಮಿ ಓಡಿದ ಬೈಕು ಒಳ್ಳೆಯದಿರಬಹುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಆ ನಾಲ್ಕು ತಿಂಗಳು ಕ್ರೂಸರ್ ಶೆಡ್ಡಿನಲ್ಲಿರುತ್ತದೆ, ಯಜಮಾನರು ಜೀಪಿನಲ್ಲಿ ಓಡಾಡುತ್ತಾರೆ. ಆರು ವರ್ಷದ ಬೈಕು ಎಂದರೆ ಆರು ಮಳೆಗಾಲ ತೇವದಲ್ಲಿ ನಿಂತ ಬೈಕು. ಓಡಿ ಸವೆಯುವುದು ಪ್ಯಾಡು, ಚೈನು, ಟೈರು. ಅವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ನಿಂತು ಹಾಳಾಗುವುದು ಟ್ಯಾಂಕಿನ ಒಳಗು, ವೈರಿಂಗ್, ಬ್ರೇಕಿನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಫೋರ್ಕಿನ (ಮುಂದಿನ ಶಾಕ್ ಅಬ್ಸಾರ್ಬರ್) ಪೈಪು. ಇವು ಕಣ್ಣಿಗೆ ಬೇಗ ಕಾಣುವುದಿಲ್ಲ. ಖರ್ಚು ಮಾತ್ರ ಜಾಸ್ತಿ. ಹಾಗಾಗಿ ಬೈಕು ಎಷ್ಟು ಓಡಿದೆ ಎನ್ನುವುದರ ಜೊತೆಗೆ ಎಲ್ಲಿ, ಹೇಗೆ ನಿಂತಿತ್ತು ಎಂದು ಕೇಳಲೇಬೇಕು.

1. ಯಾವ ಬೈಕು?

ಇಂಜಿನ್ ಸೈಜಿಗಿಂತ ಮೊದಲು ನಿಮ್ಮ ಮನೆ ದಾರಿ ನೆನಪಿಸಿಕೊಳ್ಳಿ. ಮೀಟಿಯೋರ್ 350ರ ತೂಕ 191 ಕಿಲೋ, ನೆಲದಿಂದ ಬೈಕಿನ ಹೊಟ್ಟೆಗೆ ಎತ್ತರ 170 ಮಿಲಿಮೀಟರ್. ಸೂಪರ್ ಮೀಟಿಯೋರ್ 650 ತೂಗುವುದು 241 ಕಿಲೋ, ಎತ್ತರ 135 ಮಿಲಿಮೀಟರ್ ಅಷ್ಟೇ. ಕವಾಸಾಕಿ ವಲ್ಕನ್ ಎಸ್ ಇನ್ನೂ ತಗ್ಗು, 130. ಮೇನ್ ರೋಡಿನಿಂದ ಅಂಗಳಕ್ಕೆ ಬರುವ ತೋಟದ ರಸ್ತೆಯಲ್ಲಿ ಕಲ್ಲು ಎದ್ದಿದ್ದರೆ ಹೊಟ್ಟೆ ಉಜ್ಜುತ್ತದೆ. ಅಂಗಳ ಇಳಿಜಾರಿದ್ದರೆ ಇನ್ನೊಂದು ಕಷ್ಟ. 241 ಕಿಲೋ ಬೈಕನ್ನು ಒಬ್ಬರೇ ಏರಿಗೆ ಹಿಂದಕ್ಕೆ ತಳ್ಳಲು ಆಗುವುದಿಲ್ಲ. ನೋಡಲು ಹೋದಾಗ ಓಡಿಸುವುದಕ್ಕಿಂತ ಮೊದಲು ಒಂದು ಸಲ ಹಿಂದಕ್ಕೆ ತಳ್ಳಿ ನೋಡಿ.

ಎರಡನೆಯದು ಬಿಡಿಭಾಗ. ರಾಯಲ್ ಎನ್‌ಫೀಲ್ಡ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ನಮ್ಮ ಯಾವ ಪೇಟೆಯಲ್ಲೂ ಸಿಗುತ್ತಾರೆ. ಹಾರ್ಲೆ ಡೇವಿಡ್‌ಸನ್ ಸ್ಟ್ರೀಟ್ 750 ನಮ್ಮ ದೇಶಕ್ಕೆ 2014ರಲ್ಲಿ ಬಂತು. 2020ರಲ್ಲಿ ಕಂಪನಿ ಇಲ್ಲಿನ ತಯಾರಿಕೆ ನಿಲ್ಲಿಸಿ ಮಾರಾಟ, ಸರ್ವೀಸನ್ನು ಹೀರೋ ಮೋಟೊಕಾರ್ಪ್‌ಗೆ ವಹಿಸಿತು. ಆ ಮಾಡೆಲ್ ಈಗ ಹೊಸದಾಗಿ ಬರುವುದಿಲ್ಲ. ಬೆಲೆ ಕಮ್ಮಿ ಎಂದು ಆಸೆ ಆಗುತ್ತದೆ, ಆದರೆ ಒಂದು ಸಣ್ಣ ಸೆನ್ಸರಿಗೂ ಬೆಂಗಳೂರಿಗೆ ಫೋನ್ ಮಾಡಿ ಕಾಯಬೇಕು. ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲದಿದ್ದರೆ ಬೇಡ. ಥಂಡರ್‌ಬರ್ಡ್ 500 ಕೂಡ 2020ಕ್ಕೆ ನಿಂತಿತು, ಆದರೆ ಅದರ ಕೆಲಸ ಗೊತ್ತಿರುವವರು ಊರಲ್ಲೇ ಇದ್ದಾರೆ.

ದೊಡ್ಡ ಇಂಜಿನ್ನೇ ಬೇಕು ಎನ್ನುವವರಿಗೆ ನಾನು ಹೇಳುವುದು ಸೂಪರ್ ಮೀಟಿಯೋರ್. 2023ರ ಜನವರಿಯಲ್ಲಿ ಬಂದ ಬೈಕು, 648 ಸಿಸಿ, ಎರಡು ಸಿಲಿಂಡರ್. ರೇಡಿಯೇಟರ್ ಇಲ್ಲ, ಗಾಳಿ ಮತ್ತು ಆಯಿಲ್‌ನಿಂದಲೇ ತಣ್ಣಗಾಗುತ್ತದೆ. ತೋಟದ ಊರಿಗೆ ಅಷ್ಟು ಸರಳ ಇದ್ದರೆ ಒಳ್ಳೆಯದು.

2. ಯಾವಾಗ ನೋಡಬೇಕು?

ಸೆಪ್ಟೆಂಬರ್ ಮೊದಲಿಗೆ ಬರುವ ನಮ್ಮ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ, ಆಯುಧ ಪೂಜೆಗೆ ಮೊದಲು. ಮಳೆ ಬಿಡುವ ಹೊತ್ತಿಗೆ ಬೈಕು ಶೆಡ್ಡಿನಲ್ಲಿ ಹೇಗಿತ್ತೋ ಹಾಗೇ ಇರುತ್ತದೆ. ಆಯುಧ ಪೂಜೆಗೆ ಎಲ್ಲರೂ ಗಾಡಿ ತೊಳೆದು, ಪಾಲಿಶ್ ಹೊಡೆದು, ಹೂವು ಹಾಕುತ್ತಾರೆ. ಅದಾದ ಮೇಲೆ ತುಕ್ಕು ಹುಡುಕುವುದು ಕಷ್ಟ. ಫೆಬ್ರವರಿ, ಮಾರ್ಚ್‌ನಲ್ಲಿ ಕೊಳ್ಳುವವರು ಜಾಸ್ತಿ, ಬೆಲೆಯೂ ಜಾಸ್ತಿ.

3. ತಣ್ಣಗಿರುವಾಗ, ನಿಂತ ಜಾಗದಲ್ಲೇ ನೋಡಿ

ಅರ್ಧ ದಿನ ಕೊಡಬೇಕಾದ ಕೆಲಸ ಇದು. ಉಳಿದದ್ದೆಲ್ಲ ಇದರ ಮುಂದೆ ಸುಲಭ.

ಮಾರುವವರು ‘ಪೇಟೆಗೆ ತರ್ತೀನಿ, ಅಲ್ಲೇ ನೋಡಿ’ ಎನ್ನುತ್ತಾರೆ. ಒಪ್ಪಬೇಡಿ. ‘ನಾವೇ ಬೆಳಿಗ್ಗೆ ಮನೆಗೆ ಬರ್ತೀವಿ, ಅಲ್ಲಿ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ. ಹೋದ ಕೂಡಲೇ ಇಂಜಿನ್ ಮುಟ್ಟಿ. ಬಿಸಿ ಇದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಇನ್ನೊಂದು ದಿನ ಬನ್ನಿ.

ಈಗ ಬೈಕನ್ನು ಬಿಟ್ಟು ಶೆಡ್ ನೋಡಿ. ನೆಲ ಸಿಮೆಂಟೋ ಮಣ್ಣೋ? ಮಣ್ಣಾದರೆ ನಾಲ್ಕು ತಿಂಗಳೂ ತೇವ ಕೆಳಗಿನಿಂದ ಏಳುತ್ತದೆ. ಪಕ್ಕದಲ್ಲಿ ಗೊಬ್ಬರದ ಮೂಟೆ ಇದೆಯೇ? ಪೊಟ್ಯಾಷ್, ಯೂರಿಯಾ ಇವೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಆ ಉಪ್ಪು ಸೇರಿದ ತೇವ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವ ಡ್ರಮ್ಮು, ಮೈಲುತುತ್ತಿನ ಚೀಲ ಅಲ್ಲೇ ಇದ್ದರೆ ಇನ್ನೂ ಹುಷಾರು. ಮೈಲುತುತ್ತಿನ ನೀರು ಸಿಡಿದ ಕಡೆ ಬಣ್ಣದ ಕೆಳಗೇ ತುಕ್ಕು ಹಿಡಿಯುತ್ತದೆ. ಬೈಕಿಗೆ ಪ್ಲಾಸ್ಟಿಕ್ ಟಾರ್ಪಾಲ್ ಬಿಗಿಯಾಗಿ ಕಟ್ಟಿ ಇಟ್ಟಿದ್ದರೆ ಅದೂ ಒಳ್ಳೆಯ ಲಕ್ಷಣ ಅಲ್ಲ. ಒಳಗೆ ಬೆವರಿ ನೀರು ನಿಲ್ಲುತ್ತದೆ. ಸಿಮೆಂಟ್ ನೆಲ, ಹಳೇ ಬೆಡ್‌ಶೀಟು, ಗಾಳಿ ಆಡುವ ಜಾಗ, ಇಷ್ಟಿದ್ದರೆ ಯಜಮಾನರಿಗೆ ಬೈಕಿನ ಮೇಲೆ ಪ್ರೀತಿ ಇದೆ ಅಂತ ಅರ್ಥ.

ಮುಂದೆ ಟ್ಯಾಂಕ್. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಮೊಬೈಲ್ ಟಾರ್ಚ್ ಸಾಕು, ಆದರೆ ಲೈಟರ್, ಬೆಂಕಿಕಡ್ಡಿ ಹತ್ತಿರವೂ ತರಬೇಡಿ. ಪೆಟ್ರೋಲ್ ಮುಟ್ಟದ ಮೇಲ್ಭಾಗ ನೋಡಬೇಕು, ಏಕೆಂದರೆ ಖಾಲಿ ಜಾಗದಲ್ಲೇ ತುಕ್ಕು ಶುರುವಾಗುವುದು. ಈಗ ಬರುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತೇವ ಜಾಸ್ತಿಯಾದರೆ ನೀರು ಮತ್ತು ಎಥೆನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಅರ್ಧ ಟ್ಯಾಂಕ್ ಬಿಟ್ಟು ಮಳೆಗಾಲ ನಿಲ್ಲಿಸಿದ ಬೈಕಿನಲ್ಲಿ ಇದು ಆಗುವುದು ಸಾಮಾನ್ಯ. ಇಂಜೆಕ್ಷನ್ ಬೈಕಿನಲ್ಲಿ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ. ತುಕ್ಕಿನ ಚೂರು ಮೊದಲು ಕಟ್ಟುವುದು ಅದನ್ನೇ. ಒಳಗೆ ಬಿಳಿ ಅಥವಾ ಬೂದು ಬಣ್ಣದ ಕೋಟಿಂಗ್ ಕಂಡರೆ ತುಕ್ಕನ್ನು ಮುಚ್ಚಿದ್ದಾರೆ. ಅಂಥ ಕೋಟಿಂಗ್ ಬಾಟಲಿಗಳು ಎಲ್ಲ ಕಡೆ ಸಿಗುತ್ತವೆ, ನಾನು ಯಾರಿಗೂ ಹಾಕಿಸಿ ಎನ್ನುವುದಿಲ್ಲ. ಸರಿಯಾಗಿ ತೊಳೆಯದೆ ಹಾಕಿದರೆ ಪದರ ಪದರವಾಗಿ ಎದ್ದು ಪಂಪಿಗೆ ಹೋಗುತ್ತದೆ. ಆಮೇಲೆ ಟ್ಯಾಂಕ್, ಪಂಪ್ ಎರಡೂ ಹೊಸದು ಬೇಕು.

ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಉಗುರು ಎಳೆಯಿರಿ, ಮೇಲಿಂದ ಕೆಳಗೆ, ಎಲ್ಲ ಸುತ್ತಲೂ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಗುಳಿ ಇದೆ. ಬೈಕು ಓಡುವಾಗ ಆ ಗುಳಿ ಪ್ರತಿ ಸಲ ಆಯಿಲ್ ಸೀಲನ್ನು ಉಜ್ಜುತ್ತದೆ. ಹೊಸ ಸೀಲ್ ಹಾಕಿದರೂ ಸ್ವಲ್ಪ ದಿನಕ್ಕೇ ಸೋರುತ್ತದೆ. ‘ಸೀಲ್ ಒಂದು ಚೇಂಜ್ ಮಾಡಿದ್ರೆ ಆಯ್ತು’ ಎಂದರೆ ನಂಬಬೇಡಿ, ಪೈಪೇ ಬದಲಾಯಿಸಬೇಕು.

ನ್ಯೂಟ್ರಲ್‌ಗೆ ಹಾಕಿ ಸಮತಟ್ಟು ಜಾಗದಲ್ಲಿ ನಾಲ್ಕು ಹೆಜ್ಜೆ ತಳ್ಳಿ. ಬ್ರೇಕ್ ಒಮ್ಮೆ ಒತ್ತಿ ಬಿಟ್ಟು ಮತ್ತೆ ತಳ್ಳಿ. ಈಗ ಭಾರ ಅನ್ನಿಸಿದರೆ ಕ್ಯಾಲಿಪರ್ ಪಿಸ್ಟನ್ ಹಿಡಿದುಕೊಂಡಿದೆ. ಡಿಸ್ಕ್ ಮೇಲೆ ತೆಳು ಕೆಂಪು ತುಕ್ಕಿದ್ದರೆ ಚಿಂತೆ ಬೇಡ, ಒಂದೆರಡು ಬ್ರೇಕಿಗೆ ಹೋಗುತ್ತದೆ. ಪ್ಯಾಡಿನ ಆಕಾರದಲ್ಲೇ ಕಪ್ಪು ಕಲೆ ಬಿದ್ದಿದ್ದರೆ ಬಹಳ ದಿನ ಅಲ್ಲಾಡದೆ ನಿಂತಿತ್ತು.

ಸೀಟ್ ತೆಗೆಸಿ. ವೈರಿಂಗ್ ಕಪ್ಲರ್ ಒಂದೆರಡನ್ನು ಬಿಡಿಸಿ ನೋಡಿ. ಪಿನ್ನುಗಳ ಮೇಲೆ ಹಸಿರು ಪುಡಿ ಕಂಡರೆ ತಾಮ್ರ ಕೊಳೆಯುತ್ತಿದೆ. ಒಂದು ಕಡೆ ಇದ್ದರೆ ಹತ್ತು ಕಡೆ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಿ ಸಂಜೆ ಮಿಸ್ಸಿಂಗ್ ಹೊಡೆಯುವ ಬೈಕುಗಳ ಕಥೆ ಬಹುಪಾಲು ಇದೇ. ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ ಜಾಗ ಇದ್ದರೆ ಯಾಕೆ ಅಂತ ಕೇಳಿ. ಇಲಿ ಕಡಿದ ವೈರಿರಬಹುದು, ಲೋಕಲ್ ಎಲ್‌ಇಡಿ ಹಾಕಲು ಕತ್ತರಿಸಿದ್ದಿರಬಹುದು. ಎರಡನೆಯದೇ ಹೆಚ್ಚು ಅಪಾಯ. ಆ ಅಗ್ಗದ ಫಾಗ್ ಲೈಟುಗಳನ್ನು ರಿಲೇ ಇಲ್ಲದೆ ನೇರ ಸ್ವಿಚ್ಚಿಗೆ ಕೊಟ್ಟು ಸ್ವಿಚ್ಚೇ ಕರಗಿದ ಬೈಕುಗಳನ್ನು ನೋಡಿದ್ದೇನೆ.

ಕಾವೇರಿ ದಂಡೆಯ ಕಡೆಯ ಬೈಕಾದರೆ ಹೆಡ್‌ಲೈಟ್ ಬಿಚ್ಚಿಸಿ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಹೊಳೆ ನೀರು ನುಗ್ಗಿತ್ತು. ಮುಳುಗಿ ಎದ್ದ ಗಾಡಿಯನ್ನು ಎಷ್ಟೇ ತೊಳೆದರೂ ಹೆಡ್‌ಲೈಟ್ ಡೂಮಿನ ತಳದಲ್ಲಿ ನಯವಾದ ಹೊಳೆ ಮಣ್ಣು ಉಳಿದಿರುತ್ತದೆ. ನಾನು ನೋಡಲು ಹೋದ ಒಂದು ಥಂಡರ್‌ಬರ್ಡಿನಲ್ಲಿ ಹೊರಗೆ ಹೊಸ ಪೇಂಟ್ ಮಿರಿ ಮಿರಿ ಮಿಂಚುತ್ತಿತ್ತು. ಡೂಮ್ ಬಿಚ್ಚಿದರೆ ವೈರುಗಳ ಮೇಲೆ ಒಣಗಿದ ಮಣ್ಣಿನ ಗೆರೆ, ಒಂದೇ ಮಟ್ಟದಲ್ಲಿ, ಸ್ಕೇಲ್ ಇಟ್ಟು ಎಳೆದ ಹಾಗೆ. ನೀರು ಎಲ್ಲಿ ತನಕ ಬಂದಿತ್ತು ಎಂದು ಅದೇ ಹೇಳುತ್ತಿತ್ತು. ಹೀಗೆ ಕಂಡರೆ ಬೆಲೆ ಮಾತಾಡಲೇ ಬೇಡಿ.

ಹ್ಯಾಂಡಲ್‌ ಕೆಳಗೆ, ಚಾಸಿಯ ಕುತ್ತಿಗೆಯಲ್ಲಿ ಫೋರ್ಕ್ ತಿರುಗಿ ನಿಲ್ಲುವ ಸ್ಟಾಪರ್ ಇದೆ. ಅದು ಜಜ್ಜಿದ್ದರೆ, ಅಲ್ಲಿ ಹೊಸ ಬಣ್ಣ ಅಥವಾ ವೆಲ್ಡಿಂಗ್ ಇದ್ದರೆ ಬೈಕು ಜೋರಾಗಿಯೇ ಬಿದ್ದಿದೆ. ಕ್ರ್ಯಾಶ್ ಗಾರ್ಡ್ ಬದಲಾಯಿಸಬಹುದು, ಈ ಗುರುತು ಅಳಿಸುವುದು ಕಷ್ಟ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಐದು ವರ್ಷ ದಾಟಿದ್ದರೆ ಗ್ರಿಪ್ ಎಷ್ಟೇ ಇರಲಿ, ಹೊಸ ಟೈರಿನ ಬೆಲೆ ಕಳೆದೇ ಮಾತಾಡಿ. ಒದ್ದೆ ಘಾಟಿಯಲ್ಲಿ ಗಟ್ಟಿಯಾದ ರಬ್ಬರ್ ಹಿಡಿಯುವುದಿಲ್ಲ.

ಇನ್ನು ಆಯಿಲ್. ಗಾಜಿನ ಕಿಂಡಿ ಇದ್ದರೆ ಅಲ್ಲಿ, ಇಲ್ಲದಿದ್ದರೆ ಮುಚ್ಚಳ ತಿರುಗಿಸಿ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ವಾರಕ್ಕೊಮ್ಮೆ ಐದು ನಿಮಿಷ ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲಿಸುವವರ ಬೈಕಿನಲ್ಲಿ ಹೀಗಾಗುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದೆ ಒಳಗೇ ಬೆವರುತ್ತದೆ. ರೇಡಿಯೇಟರ್ ಇರುವ ಸ್ಟ್ರೀಟ್, ವಲ್ಕನ್‌ನಲ್ಲಾದರೆ ಹೆಡ್ ಗ್ಯಾಸ್ಕೆಟ್ ಹೋಗಿರುವುದೂ ಸಾಧ್ಯ. ಅಂಥದ್ದನ್ನು ಬಿಟ್ಟು ಬನ್ನಿ. ಆಯಿಲ್ ತೀರಾ ದಪ್ಪ ಇದ್ದರೂ ಅನುಮಾನ ಪಡಿ. ಇಂಜಿನ್ ಸದ್ದು ಮುಚ್ಚಲು ಗಟ್ಟಿ ಆಯಿಲ್ ಸುರಿಯುವ ಅಭ್ಯಾಸ ಬ್ರೋಕರುಗಳಲ್ಲಿ ಹಳೆಯದು.

ಇಷ್ಟಾದ ಮೇಲೆ ಸ್ಟಾರ್ಟ್ ಮಾಡಿ. ನೀವೇ ಮಾಡಿ. ಸೆಲ್ಫ್ ಎಳೆಯುವುದನ್ನು ಕಿವಿಗೊಟ್ಟು ಕೇಳಿ. ಮಡಿಕೇರಿ ಕಡೆಯ ಬೆಳಗಿನ ಚಳಿಯಲ್ಲಿ ಎರಡು ಮೂರು ನಿಮಿಷ ಬಿಳಿ ಆವಿ ಬಂದರೆ ಏನೂ ಅಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಸೈಲೆನ್ಸರಿನ ಕೆಳಗಿನ ಜೋಡಣೆ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಗಾಳಿ ತಾಗಿದರೆ ಅಲ್ಲಿ ಕೊಳೆತಿದೆ.

4. ಓಡಿಸಿ ನೋಡಿ, ಏರಿನಲ್ಲಿ

ಪೇಟೆ ಸುತ್ತ ಒಂದು ರೌಂಡ್ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ನಮಗೆ ಏರಿಗೆ ಬರಗಾಲ ಇಲ್ಲ. ಸುಂಟಿಕೊಪ್ಪದಿಂದ ಮಡಿಕೇರಿ ಕಡೆಗೋ, ಸಂಪಾಜೆ ಘಾಟಿಯಲ್ಲೋ ಕನಿಷ್ಠ ಅರ್ಧ ಗಂಟೆ ಓಡಿಸಿ. ದೊಡ್ಡ ಗೇರಿನಲ್ಲಿ ನಿಧಾನ ಹೋಗುತ್ತಾ ಏರು ಬಂದಾಗ ಆಕ್ಸಿಲೇಟರ್ ಪೂರ್ತಿ ಕೊಡಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ಬಡಿದಂತಾದರೆ ಡಿಸ್ಕ್ ಬಾಗಿದೆ. ನಿಂತ ಮೇಲೆ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ ಒಂದು ಕಡೆ ಸಿಕ್ಕಿದಂತಾದರೆ ಕೋನ್ ಸೆಟ್ (ಹ್ಯಾಂಡಲಿನ ಬೇರಿಂಗ್) ಹಾಕಬೇಕು, ಅದು ದೊಡ್ಡ ಖರ್ಚಲ್ಲ.

ಬಿಸಿ ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ತಣ್ಣಗಿದ್ದಾಗ ಹತ್ತಿಕೊಂಡು ಬಿಸಿಯಲ್ಲಿ ಸತಾಯಿಸುವ ಬೈಕುಗಳಿವೆ.

5. ಕಾಗದ

ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಆರ್‌ಸಿ, ಇನ್ಶೂರೆನ್ಸ್, ಸಾಲ ಎಲ್ಲ ನೋಡಿ. ಸಾಲ ತೀರಿದೆ ಎಂದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರಬೇಕು. ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ಹಾಕಿ. ಮೀಟರ್ ನಿಜವೋ ಸುಳ್ಳೋ ತಿಳಿಯಲು ಹಳೇ ಸರ್ವೀಸ್ ಬಿಲ್ ಕೇಳಿ, ಅದರಲ್ಲಿ ಕಿಲೋಮೀಟರ್ ಬರೆದಿರುತ್ತಾರೆ. ಮೀಟಿಯೋರ್ 350 ಡಿಸೆಂಬರ್ 2020ರಿಂದ ಏಪ್ರಿಲ್ 2021ರ ನಡುವೆ ತಯಾರಾದದ್ದಾದರೆ ಇಗ್ನಿಷನ್ ಕಾಯಿಲ್ ಬದಲಾಗಿದೆಯೇ ಕೇಳಿ. ಆ ದೋಷಕ್ಕೆ ಕಂಪನಿ 2021ರ ಮೇನಲ್ಲಿ 2,36,966 ಬೈಕುಗಳನ್ನು ವಾಪಸ್ ಕರೆದಿತ್ತು.

ಕೆಎ 12 ನಂಬರ್ ಆದರೆ ಕೆಲಸ ಮಡಿಕೇರಿ ಆರ್‌ಟಿಒದಲ್ಲೇ ಮುಗಿಯುತ್ತದೆ. ಮಾಕುಟ್ಟ, ಕುಟ್ಟ ದಾಟಿ ಬರುವ ಕೇರಳ ನಂಬರ್ ಬೈಕು ಅಗ್ಗ ಅನ್ನಿಸುವುದು ತೆರಿಗೆ ಲೆಕ್ಕ ಹಾಕುವ ತನಕ ಮಾತ್ರ. ಅಲ್ಲಿನ ಎನ್‌ಒಸಿ ಫಾರಂ 28ರಲ್ಲಿ ಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಓಡಿಸುವುದಾದರೆ ಕರ್ನಾಟಕದ ನಂಬರ್ ಬೇಕು, ಜೀವಿತಾವಧಿ ತೆರಿಗೆ ಮತ್ತೆ ಕಟ್ಟಬೇಕು. ದೊಡ್ಡ ಬೈಕಿಗೆ ಅದು ದೊಡ್ಡ ಮೊತ್ತ. ಮೊದಲೇ ಆರ್‌ಟಿಒದಲ್ಲಿ ಕೇಳಿ ಬೆಲೆಗೆ ಸೇರಿಸಿ.

‘ಫಾರಂಗೆ ಸಹಿ ಹಾಕಿ ಕೊಟ್ಟಿರ್ತೀನಿ, ಯಾವಾಗ ಬೇಕಾದ್ರೂ ಮಾಡಿಸ್ಕೊಳ್ಳಿ’ ಎನ್ನುವ ವ್ಯವಹಾರ ದಯವಿಟ್ಟು ಬೇಡ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30 ಸೇರಿಸಿ ಅರ್ಜಿ ಹಾಕುವ ದಿನವೇ ಪೂರ್ತಿ ದುಡ್ಡು ಕೊಡಿ. ಕೊಂಡವರು 30 ದಿನದೊಳಗೆ, ಮಾರಿದವರು ರಾಜ್ಯದೊಳಗಿನ ಮಾರಾಟಕ್ಕೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರುವವರಿಗೂ ಇದೇ ಕ್ಷೇಮ. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಯಜಮಾನರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. 350 ಸಿಸಿ ದಾಟಿದರೆ ಥರ್ಡ್ ಪಾರ್ಟಿ ಕಂತು ಎರಡು ಪಟ್ಟಾಗುತ್ತದೆ. 2022ರಲ್ಲಿ ನಿಗದಿಯಾದ ದರದಲ್ಲಿ 150ರಿಂದ 350ರ ತನಕ 1,366 ರೂಪಾಯಿ, ಅದಕ್ಕಿಂತ ಮೇಲೆ 2,804.

ಜೋರು ಸದ್ದಿನ ಸೈಲೆನ್ಸರ್ ಹಾಕಿದ್ದರೆ ಕಂಪನಿಯದ್ದು ಎಲ್ಲಿದೆ ಕೇಳಿ. ಅದು ಇಲ್ಲದಿದ್ದರೆ ಹೊಸದರ ಬೆಲೆ ಕಳೆಯಿರಿ.

6. ಬೆಲೆ

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಹೊಸ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿತು. ಹಾಗಾಗಿ ಮೀಟಿಯೋರ್ 350 ಮಾರುವವರು ಹಳೇ ಶೋರೂಂ ಬೆಲೆ ಹೇಳಿದರೆ ಒಪ್ಪಬೇಡಿ, ಇವತ್ತಿನ ಹೊಸ ಬೆಲೆ ಕೇಳಿಕೊಂಡೇ ಹೋಗಿ. 650 ಮಾರುವವರು ಮಾತ್ರ ಸುಲಭಕ್ಕೆ ಇಳಿಯುವುದಿಲ್ಲ. ಅಲ್ಲಿ ನೀವು ಶೆಡ್ಡಿನಲ್ಲಿ ಬರೆದುಕೊಂಡ ಪಟ್ಟಿಯೇ ಆಧಾರ. ಟೈರು, ಬ್ಯಾಟರಿ, ಪ್ಯಾಡು, ಒಂದೊಂದಕ್ಕೂ ಅಂಗಡಿ ಬೆಲೆ ಬರೆದು ತೋರಿಸಿ. ‘ಸ್ವಲ್ಪ ಕಮ್ಮಿ ಮಾಡಿ’ ಎಂದರೆ ಐನೂರು ಇಳಿಸುವವರೂ ಪಟ್ಟಿ ನೋಡಿದರೆ ಕೂತು ಮಾತಾಡುತ್ತಾರೆ.

7. ಮನೆಗೆ ತಂದ ಮೇಲೆ

ಇಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್ ಮೊದಲ ವಾರವೇ ಬದಲಾಯಿಸಿ, ಯಜಮಾನರು ಏನೇ ಹೇಳಿರಲಿ. ಬ್ರೇಕ್ ಆಯಿಲ್ ಕೂಡ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಜೂನ್ ಬರುವ ಮೊದಲು ಟ್ಯಾಂಕ್ ಕುತ್ತಿಗೆ ತನಕ ತುಂಬಿಸಿ, ಬ್ಯಾಟರಿ ವೈರ್ ಬಿಚ್ಚಿಡಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಗೊಬ್ಬರದ ಮೂಟೆಯಿಂದ ದೂರ, ಹಲಗೆಯ ಮೇಲೆ ನಿಲ್ಲಿಸಿ. ಇದಕ್ಕಿಂತ ಒಳ್ಳೆಯದು ಮಳೆಗಾಲದಲ್ಲೂ ಓಡಿಸುವುದು. ಹಾಗೆ ಓಡಿಸುವುದಾದರೆ ಬ್ಯಾಟರಿ ಬಿಚ್ಚಬೇಡಿ, ಹೊರಡುವ ಮೊದಲು ಬಟ್ಟೆ ತೆಗೆಯಲು ಮರೆಯಬೇಡಿ. ಹದಿನೈದು ದಿನಕ್ಕೊಮ್ಮೆ ಮಳೆ ಹೊಳವಾದಾಗ ಅರ್ಧ ಗಂಟೆ ರಸ್ತೆಗೆ ತೆಗೆದು, ಬಂದ ಮೇಲೆ ನೀರು ಹಾಕಿ ಕೆಸರು ತೊಳೆದು, ಒರೆಸಿ, ಚೈನಿಗೆ ಲ್ಯೂಬ್ ಹೊಡೆದು ನಿಲ್ಲಿಸಿ.